ನಿದ್ದೆಬುರುಕಿ ಅಕ್ಕ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ನಾನು ಆಗ ಐರ್ಲೆಂಡಿನ ಲಿಮೆರಿಕ್‌ನಲ್ಲಿ ಆಸ್ಪತ್ರೆಗಳಿಗೆ ಕನ್ನಡ ದುಭಾಷಿಯಾಗಿ ಹೋಗುತ್ತಿದ್ದೆ. ಎಲೆಕ್ಟ್ರಾನಿಕ್ಸ್ ಕಂಪನಿಯಿಂದ ನಿವೃತ್ತನಾದ ಮೇಲೆ, ಮನೆಯಲ್ಲಿ ಕೂತು ಹೆಂಡತಿಯಿಂದ ಬೈಸಿಕೊಳ್ಳುವುದಕ್ಕಿಂತ ಇದು ವಾಸಿ ಎಂದು ಹಿಡಿದ ಕೆಲಸ. ಇಲ್ಲಿ ಕನ್ನಡಕ್ಕೆ ಕರೆ ಬರುವುದೇ ಅಪರೂಪ. ಬಂದರೆ, ಮಗಳ ಬಾಣಂತನಕ್ಕೆಂದು ಬಂದು ತಾವೇ ಹಾಸಿಗೆ ಹಿಡಿದ ತಾಯಂದಿರ ಸಲುವಾಗಿ ಬರುತ್ತಿತ್ತು.

ದುಭಾಷಿಗೆ ಎರಡು ಕಟ್ಟುನಿಟ್ಟಾದ ನಿಯಮಗಳಿವೆ. ರೋಗಿ ಮಾತಾಡಿದಾಗ ನಾವೇ ರೋಗಿಯಾಗಿ ‘ನಾನು’ ಎಂದೇ ಹೇಳಬೇಕು. ವೈದ್ಯರು ಮಾತಾಡಿದಾಗ ವೈದ್ಯರಾಗಬೇಕು. ಇನ್ನೊಂದು, ಒಂದು ಮಾತನ್ನೂ ಬಿಡಬಾರದು, ಸೇರಿಸಬಾರದು. ಮನೆಯವರಿಗೆ ತಲೆನೋವು ತರುವುದು ಈ ಎರಡನೆಯದೇ. “ಅಮ್ಮ ಏನೇನೋ ಹೇಳ್ತಾರೆ, ನೀವು ಶಾರ್ಟಾಗಿ ಹೇಳ್ಬಿಡಿ ಸಾರ್” ಎನ್ನದ ಮಗನನ್ನಾಗಲಿ ಮಗಳನ್ನಾಗಲಿ ನಾನು ಕಂಡಿಲ್ಲ. ಈ ವಿಷಯದಲ್ಲಿ ನಾನು ಹಟಮಾರಿ. ಶಾರ್ಟಾಗಿ ಹೇಳುವುದಕ್ಕೆ ನಾನೇಕೆ ಬೇಕು, ಫೋನಿನಲ್ಲಿರುವ ಆ್ಯಪ್ ಸಾಲದೇ?

ಆ ದಿನದ ರೋಗಿ ಪದ್ಮಮ್ಮ. ಹೆಸರು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗುಂಡ್ಲುಪೇಟೆಯವರು, ಎಪ್ಪತ್ತರ ಆಸುಪಾಸು. ಪಿತ್ತಕೋಶದಲ್ಲಿ ಕಲ್ಲಾಗಿ, ಸೋಂಕು ತಗುಲಿ ಜ್ವರ ಏರಿತ್ತು. ಮಧ್ಯಾಹ್ನವೇ ಆಪರೇಷನ್ ಎಂದು ತೀರ್ಮಾನವಾಗಿತ್ತು. ಮಗಳು ರೂಪಾ ಎಳೆಗೂಸನ್ನು ಗಂಡನ ಕೈಗಿತ್ತು ಓಡಿ ಬಂದಿದ್ದಳು. ಮಗು ಹಾಲಿಗೆ ಅಳುತ್ತಿದೆ ಎಂದು ಆಗಲೇ ಫೋನ್ ಬರತೊಡಗಿತ್ತು. ಅವಳ ಆತುರಕ್ಕೆ ಕಾರಣವಿತ್ತು.

ಅರಿವಳಿಕೆ ವೈದ್ಯರು, ಅಂದರೆ ಆಪರೇಷನ್‌ಗೆ ಮೊದಲು ಪ್ರಜ್ಞೆ ತಪ್ಪಿಸುವವರು, ಬಂದು ಮಾಮೂಲಿ ಪ್ರಶ್ನೆಗಳನ್ನು ಕೇಳಿದರು. ಬಿ.ಪಿ. ಮಾತ್ರೆ? ಇದೆ. ಅಲರ್ಜಿ? ಇಲ್ಲ. ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಅರಿವಳಿಕೆಯಿಂದ ಎಂದಾದರೂ ತೊಂದರೆಯಾಗಿತ್ತೇ?

“ಏನೂ ಇಲ್ಲ ಕಣಪ್ಪ, ದೇವ್ರು ಚೆನ್ನಾಗಿಟ್ಟಿದಾನೆ” ಎಂದರು ಪದ್ಮಮ್ಮ. ಹಾಗೆಯೇ ಹೇಳಿದೆ.

ಧೈರ್ಯ ಬಾಯಲ್ಲಷ್ಟೇ ಇತ್ತು. ನನ್ನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡು, “ನಿಮ್ದು ಯಾವೂರು ಸಾಬ್ರೆ?” ಎಂದರು. ನಾನು ಬಾಗಲಕೋಟೆಯವನು. ಆದರೆ ದುಭಾಷಿ ರೋಗಿಯೊಂದಿಗೆ ಸ್ವಂತ ಮಾತಿಗೆ ಇಳಿಯುವಂತಿಲ್ಲ. ಹಾಗಾಗಿ ನನ್ನನ್ನು ಕೇಳಿದ ಪ್ರಶ್ನೆಯನ್ನೂ ವೈದ್ಯರಿಗೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಅವರು ನಕ್ಕು, ಕುರ್ಚಿ ಎಳೆದುಕೊಂಡು ಕೂತರು. “ನಿಮ್ಮ ಊರು ಯಾವುದೆಂದು ಅವರಿಗೆ ಆಮೇಲೆ ಹೇಳಿ. ಈಗ ನಾನು ಹೇಳುತ್ತೇನೆ. ಇಲ್ಲೇ ಪಕ್ಕದ ಕೆರಿ ಜಿಲ್ಲೆಯ ದಕ್ಷಿಣದಲ್ಲಿ ಒಂದು ಚಿಕ್ಕ ಊರು ನನ್ನದು. ಅಮ್ಮ ಅಲ್ಲಿ ಅಂಗಡಿ ಇಟ್ಟಿದ್ದರು. ಪದ್ಮಮ್ಮ, ನಿಮ್ಮ ಊರು ಹೇಗಿತ್ತು?”

ಅಂಗಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪದ್ಮಮ್ಮನ ಮುಖ ಅರಳಿತು.

“ನಮ್ಮಪ್ಪಂದೂ ಅಂಗ್ಡಿನೇ! ಊಟಿ ರಸ್ತೇಲಿ, ದಿನಸಿ ಅಂಗ್ಡಿ.”

ರೂಪಾ ಹಣೆ ಚಚ್ಚಿಕೊಂಡಳು. “ಅಮ್ಮಾ, ಈಗ ಶುರು ಮಾಡ್ಬೇಡ. ಸಾರ್, ಇದೆಲ್ಲ ಬಿಡಿ, ಅವ್ರು ರೆಡಿ ಇದಾರೆ ಅಂತ ಹೇಳಿ ಸಾಕು.”

ಅವಳು ಹೇಳಿದ್ದನ್ನೂ ವೈದ್ಯರಿಗೆ ಹೇಳಿದೆ. ಥಿಯೇಟರ್ ಸಿದ್ಧವಾಗಲು ಇನ್ನೂ ಸ್ವಲ್ಪ ಹೊತ್ತಿದೆ, ಅವರು ಮಾತಾಡಲಿ ಎಂದರು ವೈದ್ಯರು. ರೂಪಾ ನನ್ನತ್ತ ಬಿಟ್ಟ ನೋಟಕ್ಕೆ ಹಸಿ ಹುಲ್ಲೂ ಹೊತ್ತಿಕೊಳ್ಳುತ್ತಿತ್ತು.

ಆಮೇಲೆ ಅರವತ್ತು ದಾಟಿದ, ಬಿಳಿ ಗಡ್ಡದ ನಾನು ಗುಂಡ್ಲುಪೇಟೆಯ ಹುಡುಗಿಯಾದೆ. ಎರಡು ಜಡೆಗೆ ಕೆಂಪು ಟೇಪು ಕಟ್ಟಿಕೊಂಡೆ. ಅಕ್ಕನೊಂದಿಗೆ ಮೂಟೆಗಳ ಹಿಂದೆ ಅವಿತು ಅಪ್ಪನ ಅಂಗಡಿಯ ಬೆಲ್ಲ ಕದ್ದೆ. ಊಟಿ ಬಸ್ಸು ನಿಂತಾಗ ಕಿಟಕಿಯಲ್ಲಿ ಸ್ವೆಟರ್ ತೊಟ್ಟವರನ್ನು ಕಂಡು, ಇವರಿಗೇನು ಜ್ವರವೇ ಎಂದು ಬಿದ್ದು ಬಿದ್ದು ನಕ್ಕೆ. “ಈಗ ನೋಡಿ, ಬೇಸ್ಗೇಲೂ ನಾನೇ ಸ್ವೆಟರ್ ಹಾಕ್ಕೊಂಡು ಕೂತಿದೀನಿ” ಎಂದರು ಪದ್ಮಮ್ಮ. ವೈದ್ಯರು ಹೊಟ್ಟೆ ಹಿಡಿದು ನಕ್ಕರು. ಪದ್ಮಮ್ಮ ನನ್ನ ತೋಳು ಬಿಟ್ಟು, ಕೈ ಆಡಿಸುತ್ತಾ ಹೇಳುತ್ತಿದ್ದರು. ನನಗೂ, ಸುಳ್ಳೇಕೆ, ಒಳ್ಳೆ ಮಜಾ ಬರುತ್ತಿತ್ತು.

“ನಮ್ಮಕ್ಕ ಬಲೇ ಘಾಟಿ. ಒಂದಿನ ಹುಣಸೆಮರ ಹತ್ತಿ ಬಿದ್ದು ಕೈ ಮುರ್ಕೊಂಡ್ಳು. ಅದೇ ಊಟಿ ಬಸ್ಸಲ್ಲಿ ಮೈಸೂರಿಗೆ ಕರ್ಕೊಂಡು ಹೋದ್ರು. ಮತ್ತು ಬರೋಕೆ ಸೂಜಿ ಹಾಕಿ, ಮೂಳೆ ಕೂರಿಸಿದ್ರು. ಅಷ್ಟೇ, ಇವ್ಳು ಏಳೋದೇ ಇಲ್ಲ! ಸಾಯಂಕಾಲದವರೆಗೂ ಡಾಕ್ಟರುಗಳು ಪಾಳಿ ಮೇಲೆ ರಬ್ಬರ್ ಚೀಲ ಒತ್ತೀ ಒತ್ತೀ ಉಸ್ರು ಕೊಟ್ರಂತೆ. ಎದ್ದವಳೇ, ಹುಣಸೆಹಣ್ಣು ಎಲ್ಲಿ ಅಂತ ಕೇಳಿದ್ಳು. ಅವತ್ತಿಂದ ಊರಲ್ಲೆಲ್ಲ ಅವ್ಳಿಗೆ ನಿದ್ದೆಬುರುಕಿ ಅಂತಾನೇ ಹೆಸ್ರು.”

ಪದ್ಮಮ್ಮ ನಗುತ್ತಿದ್ದರು. ನಾನೂ ನಗುತ್ತಲೇ ಇಂಗ್ಲಿಷಿನಲ್ಲಿ ಮುಗಿಸಿದೆ. ವೈದ್ಯರು ನಗಲಿಲ್ಲ.

“ಚೀಲ ಒತ್ತಿ ಉಸಿರು ಕೊಟ್ಟರೇ? ಸಂಜೆಯವರೆಗೆ? ಆಗ ಏನಾಗುತ್ತಿತ್ತೆಂದು ಅಕ್ಕ ಏನಾದರೂ ಹೇಳಿದ್ದರೇ?”

“ಎಲ್ಲಾ ಕೇಳಿಸ್ತಿತ್ತಂತೆ. ಕಣ್ರೆಪ್ಪೆ ಮಾತ್ರ ಎತ್ತೋಕಾಗ್ತಿರ್ಲಿಲ್ವಂತೆ. ನಾಟ್ಕ ಆಡ್ತಾಳೆ ಅಂತ ನಾವೆಲ್ಲ ರೇಗಿಸ್ತಿದ್ವಿ.”

ವೈದ್ಯರು ಎದ್ದು ನಿಂತರು. ಅವರು ವಿವರಿಸಿದ್ದನ್ನು ಸರಳವಾಗಿ ಹೇಳುತ್ತೇನೆ. ಗಂಟಲಿಗೆ ಉಸಿರಿನ ಕೊಳವೆ ಇಳಿಸುವ ಮುನ್ನ ಸ್ನಾಯುಗಳನ್ನು ಸಡಿಲಿಸುವ ಒಂದು ಔಷಧಿ ಕೊಡುತ್ತಾರೆ. ನಮ್ಮ ರಕ್ತದಲ್ಲಿರುವ ಒಂದು ಎನ್‌ಜೈಮ್ ಅದನ್ನು ಕೆಲವೇ ನಿಮಿಷಗಳಲ್ಲಿ ಕರಗಿಸುತ್ತದೆ. ಕೆಲವು ಮನೆತನಗಳಲ್ಲಿ ಆ ಎನ್‌ಜೈಮ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಔಷಧಿ ಗಂಟೆಗಟ್ಟಲೆ ಇಳಿಯದು. ಅರಿವಳಿಕೆಯ ಮಂಪರು ಇಳಿದು ಎಚ್ಚರವಾದರೂ ಉಸಿರಾಡಲಾಗದು, ಬೆರಳು ಅಲ್ಲಾಡದು. ಈ ಕಾಲದಲ್ಲಿ ಯಂತ್ರಗಳಿವೆ, ಪ್ರಾಣ ಉಳಿಸಬಹುದು. ಆದರೆ ಸೋಂಕಿನಿಂದ ಬಳಲಿದ ಈ ವಯಸ್ಸಿನ ದೇಹವನ್ನು ಆ ಗಂಡಾಂತರಕ್ಕೆ ಒಡ್ಡಬಾರದು. “ಇವತ್ತು ನಾನು ಕೊಡಬೇಕೆಂದಿದ್ದದ್ದು ಅದನ್ನೇ. ಈಗ ಬೇರೆ ಔಷಧಿ ಕೊಡುತ್ತೇನೆ. ಎಲ್ಲ ಗ್ರ್ಯಾಂಡ್, ಏನೂ ಚಿಂತೆ ಬೇಡ” ಎಂದು ರಕ್ತಪರೀಕ್ಷೆಗೆ ಬರೆದು ಹೊರಟರು.

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೂ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಕಾರಿಡಾರಿನಲ್ಲಿ ರೂಪಾ ಗೋಡೆಗೊರಗಿ ಅಳುತ್ತಿದ್ದಳು. “ಈ ಕಥೆ ನೂರು ಸಲ ಕೇಳಿದೀನಿ ಸಾರ್. ನೂರು ಸಲಾನೂ ನಕ್ಕಿದೀನಿ.”

“ನಾನೂ ನಕ್ಕೆ ನೋಡವ್ವಾ” ಎಂದೆ. ಆಗ ನಾನು ದುಭಾಷಿಯಾಗಿರಲಿಲ್ಲ.

ಆಪರೇಷನ್ ಮುಗಿದು, ನಮ್ಮನ್ನು ಒಳಗೆ ಬಿಟ್ಟಾಗ ಪದ್ಮಮ್ಮ ಕಣ್ಣು ಬಿಟ್ಟುಕೊಂಡೇ ಇದ್ದರು. ತಾವೇ ಉಸಿರಾಡುತ್ತಿದ್ದರು. ಇಷ್ಟು ಸಾಮಾನ್ಯವಾದ ಒಂದು ಸಂಗತಿಯನ್ನು ಅಷ್ಟು ಹೊತ್ತು ನೋಡುತ್ತಾ ನಿಂತದ್ದು ನನ್ನ ಜೀವನದಲ್ಲಿ ಅದೇ ಮೊದಲು. ನನ್ನೆದೆಯ ಮೇಲಿದ್ದ ಮೂಟೆ ಇಳಿಯಿತು.

ಕೆಲವು ವಾರಗಳ ನಂತರ ರಕ್ತಪರೀಕ್ಷೆಯ ಫಲಿತಾಂಶ ಬಂತು. ವೈದ್ಯರ ಊಹೆ ನಿಜವಾಗಿತ್ತು. ಅದನ್ನು ತಿಳಿಸಲು ವೈದ್ಯರು ನಮ್ಮನ್ನೆಲ್ಲ ಆಸ್ಪತ್ರೆಗೆ ಕರೆದ ದಿನ ರೂಪಾ ಊರಿಗೆ ವಿಡಿಯೋ ಕಾಲ್ ಮಾಡಿದಳು. ಅವಳ ದೊಡ್ಡಮ್ಮನಿಗೂ, ಅವರ ಮಕ್ಕಳು ಮೊಮ್ಮಕ್ಕಳಿಗೂ ಇದು ಗೊತ್ತಿರಬೇಕಿತ್ತು. ಪರದೆಯ ಮೇಲೆ ಬಿಳಿ ತಲೆಯ ನಿದ್ದೆಬುರುಕಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಕಣ್ಣೊರೆಸಿಕೊಂಡು, ತಂಗಿಗೆ “ನಾನು ನಾಟ್ಕ ಆಡಿಲ್ಲ ಅಂತ ಈಗ್ಲಾದ್ರೂ ಒಪ್ಕೊಳ್ತೀಯೇನೇ?” ಎಂದರು.

ದುಭಾಷಿಗೆ ಯಾವ ಮಾತು ಬೇಕು, ಯಾವುದು ಬೇಡ ಎಂದು ಆರಿಸುವ ಹಕ್ಕಿಲ್ಲ. ಅದು ನನ್ನ ಹಟವೆಂದು ತಿಳಿದಿದ್ದೆ. ಅಲ್ಲ, ಅದೇ ಈ ಕೆಲಸದ ಜೀವ ಎಂದು ಕಲಿಸಿದವರು ಆ ಇಬ್ಬರು ಬೆಲ್ಲದ ಕಳ್ಳಿಯರು.

ಅಕ್ಕ ಏನಂದರು ಎಂದು ವೈದ್ಯರು ನನ್ನತ್ತ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ರೂಪಾ ಹೇಳಿದಳು:

“ಪೂರ್ತಿ ಹೇಳಿ ಸಾರ್. ಒಂದ್ ಮಾತೂ ಬಿಡ್ಬೇಡಿ.”