ಎಂಟರ ಬೋಲ್ಟು

ಅಮರಪ್ಪ ಮಿಸ್ತ್ರಿಯ ಕೈ ನಡುಗುತ್ತಿರಲಿಲ್ಲ. ನಡುಗುತ್ತದೆ ಎಂದು ಮೊದಲು ಹೇಳಿದವನು ನಾನು. ಅದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು.

ಸಿಂಧನೂರಿನಲ್ಲಿ ನನ್ನದೊಂದು ಬೈಕ್ ಗ್ಯಾರೇಜು ಇದೆ. ನನ್ನ ಕೆಲಸದ ಬಗ್ಗೆ ಸುಮ್ಮನೆ ವಿನಯ ತೋರಿಸುವುದು ನನಗೆ ಬರುವುದಿಲ್ಲ. ಬೈಕು ನಡುಗುತ್ತಿದೆ ಎಂದು ಯಾರಾದರೂ ಬಂದರೆ ನಾನು ಮೊದಲು ಬೋಲ್ಟು ತಿರುಗಿಸುವ ಪಾನಾ ಮುಟ್ಟುವುದಿಲ್ಲ, ಅದರ ಮೇಲೆ ಕೂತು ಒಂದು ಸುತ್ತು ಹೋಗಿ ಬರುತ್ತೇನೆ. ವೇಗದಲ್ಲಿ ಹೋಗುವಾಗ ಕ್ಲಚ್ ಹಿಡಿದು ಎಕ್ಸಲೇಟರ್ ಬಿಟ್ಟುಬಿಡಬೇಕು. ಆಗಲೂ ನಡುಕ ಉಳಿದರೆ ಗಾಲಿಯನ್ನೋ ಚೈನನ್ನೋ ನೋಡಬೇಕು. ನಿಂತರೆ ದೋಷ ಎಂಜಿನ್ನಿನಲ್ಲಿದೆ — ಇಲ್ಲವೇ ಎಂಜಿನ್ನನ್ನು ಚಾಸಿಗೆ ಹಿಡಿದಿಟ್ಟ ಬೋಲ್ಟುಗಳಲ್ಲಿದೆ. ಈ ಕೊನೆಯ ಮಾತನ್ನು ಅವಸರದ ಮಿಸ್ತ್ರಿಗಳು ಮರೆಯುತ್ತಾರೆ, ಸುಮ್ಮನೆ ಎಂಜಿನ್ ಬಿಚ್ಚಿ ಹರವುತ್ತಾರೆ. ನಾನು ಮರೆಯುವುದಿಲ್ಲ. ಯಾಕೆಂದರೆ ಇದನ್ನೆಲ್ಲ ನನಗೆ ಕಲಿಸಿದವರು ಮಸ್ಕಿಯ ಅಮರಪ್ಪ ಮಿಸ್ತ್ರಿ.

ಆರು ವರ್ಷ ಅವರ ಹತ್ತಿರ ದುಡಿದೆ. ಓಡುವ ಎಂಜಿನ್ನಿನ ಮೇಲೆ ನನ್ನ ಅಂಗೈ ಇಡಿಸಿ, ಅದರ ಮೇಲೆ ತಮ್ಮ ಅಂಗೈ ಇಟ್ಟು, "ಕಿವಿ ಮೋಸ ಮಾಡ್ತದ ಈರಣ್ಣಾ, ಕೈ ಮಾಡಂಗಿಲ್ಲ" ಎನ್ನುತ್ತಿದ್ದರು. ಅವರ ಕೈಗೆ ಗೊತ್ತಾಗದ ನಡುಕವೇ ಇರಲಿಲ್ಲ. ಅಂಥ ಕೈಯ ಮೇಲೆ ನಾನು —

ಇರಲಿ, ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಲಿಂಗಸುಗೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಬಸವರಾಜಪ್ಪನವರು ತಮ್ಮ ಬೈಕಿನ ಎಂಜಿನ್ ಕೆಲಸವನ್ನು ಅಮರಪ್ಪನವರ ಹತ್ತಿರ ಮಾಡಿಸಿದ್ದರು. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಒಂದು ವಾರದ ಮೇಲೆ ಸಿಂಧನೂರಿಗೆ ಬಂದವರು ಮುಂದೆ ಲೆಗ್ ಗಾರ್ಡ್ ಹಾಕು ಎಂದರು. ನಮ್ಮ ಕಡೆ ಗಾರ್ಡಿಗೆಂದು ಬೇರೆ ಜಾಗ ಹುಡುಕುವವರು ಕಡಿಮೆ. ಎಂಜಿನ್ನಿನ ಮುಂದಿನ ಬೋಲ್ಟು ತೆಗೆದು, ಅದೇ ತೂತಿನಲ್ಲಿ ಉದ್ದನೆಯ ಬೋಲ್ಟು ತೂರಿಸಿ, ಎಂಜಿನ್ನನ್ನೂ ಗಾರ್ಡನ್ನೂ ಒಟ್ಟಿಗೇ ಬಿಗಿಯುತ್ತೇವೆ. ತೂತು ಹತ್ತು ಎಂಎಮ್ಮಿನದು. ನನ್ನ ಡಬ್ಬಿಯಲ್ಲಿ ಅಷ್ಟು ಉದ್ದದ ಹತ್ತರ ಬೋಲ್ಟು ಇರಲಿಲ್ಲ, ಎಂಟರದು ಇತ್ತು. ಎರಡು ದಪ್ಪ ವಾಶರ್ ಹಾಕಿ ಬಿಗಿದೆ. ಮುಂದಿನ ಸಲ ಬಂದಾಗ ಬದಲಿಸಿದರಾಯಿತು ಅಂದುಕೊಂಡೆ, ಮರೆತೆ.

ಹತ್ತು ದಿನಕ್ಕೆ ಬಸವರಾಜಪ್ಪ ತಿರುಗಿ ಬಂದರು. ಗಾಡಿ ನಿಲ್ಲಿಸಿದವರೇ ಎರಡೂ ಅಂಗೈ ಉಜ್ಜಿಕೊಂಡರು. "ಏನೋ ಇದು ಈರಣ್ಣಾ! ಲಿಂಗಸುಗೂರಿಂದ ಇಲ್ಲಿಗೆ ಬರೂದ್ರಾಗ ಕೈ ಜೋಮು ಹಿಡ್ದಾವ. ಎಂಜಿನ್ ಮಾಡಿಸಿ ತಿಂಗಳಾಗಿಲ್ಲ."

ಬೆಳಗಿನ ಚಹಾದ ಹೊತ್ತು. ಎದುರಿನ ಹೋಟೆಲಿನಿಂದ ಏಳೆಂಟು ಜನ ಬಂದು ನಿಂತರು. ಜನ ಕಂಡರೆ ನನಗೆ ಹುರುಪು ಜಾಸ್ತಿ, ಈಗಲೂ ಅಷ್ಟೆ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ ಚಾಲೂ ಮಾಡಿದೆ. ಸ್ಟೀಲ್ ಲೋಟದ ತುಂಬ ನೀರು ತರಿಸಿ ಸೀಟಿನ ಮೇಲಿಟ್ಟೆ. ಎಕ್ಸಲೇಟರ್ ತಿರುವುತ್ತಿದ್ದಂತೆ ನೀರು ಕುಣಿದು ಹೊರಗೆ ಚೆಲ್ಲಿತು. ಜನ ಹೋ ಎಂದರು. ನಾನು ಬಗ್ಗಿ ಎಂಜಿನ್ನಿನ ಮುಂಭಾಗಕ್ಕೆ ಅಂಗೈ ಇಟ್ಟೆ.

ನನ್ನದೇ ಬೋಲ್ಟು. ತೂತಿನೊಳಗೆ ಲಟಲಟ ಬಡಿದುಕೊಳ್ಳುತ್ತಿತ್ತು.

ಆಗ ಎದ್ದು ನಿಂತು, "ನನ್ನ ತಪ್ಪು ಯಜಮಾನ್ರ, ಹತ್ತು ನಿಮಿಷ ಕುಂದ್ರಿ" ಅಂದಿದ್ದರೆ ಜನ ನಕ್ಕು ಚಹಾ ಕುಡಿಯಲು ಹೋಗುತ್ತಿದ್ದರು. ಸಂಜೆಗೆ ಮರೆಯುತ್ತಿದ್ದರು ಕೂಡ. ಎಷ್ಟು ಸಣ್ಣ ಮಾತು! ಆದರೆ ಏಳೆಂಟು ಜೊತೆ ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿದ್ದವು. ನಾನು ಕೈ ಒರೆಸಿಕೊಳ್ಳುತ್ತ ಹೇಳಿದೆ:

"ಅಮರಪ್ಪ ಮಿಸ್ತ್ರಿಗೆ ವಯಸ್ಸಾತ್ರೀ. ಕೈ ನಡಗ್ತಾವ. ನಡಗೋ ಕೈಯಾಗ ಕಟ್ಟಿದ ಎಂಜಿನ್ ನಡಗ್ದ ಏನು ಮಾಡ್ತದ?"

ಎಲ್ಲರೂ ನಕ್ಕರು. ಮಾತು ಅಷ್ಟು ಸಲೀಸಾಗಿ ಬಂದಿತ್ತು.

ಎರಡು ದಿನ ಗಾಡಿ ಇಟ್ಟುಕೊಂಡೆ. ಎಂಜಿನ್ ಬಿಚ್ಚಲೇ ಇಲ್ಲ. ಹತ್ತರ ಬೋಲ್ಟು ತಂದೆ. ಉಳಿದ ಬೋಲ್ಟುಗಳನ್ನೂ ಸಡಿಲಿಸಿ, ಎಂಜಿನ್ ತನ್ನ ಜಾಗದಲ್ಲಿ ತಾನೇ ಕೂರುವಂತೆ ಬಿಟ್ಟು, ಆಮೇಲೆ ಒಂದೊಂದಾಗಿ ಬಿಗಿದೆ — ಉಸ್ತಾದರು ಕಲಿಸಿದ ಹಾಗೆಯೇ. ಬಸವರಾಜಪ್ಪ ಬಂದಾಗ ಲೋಟದ ನೀರು ಒಂದು ಹನಿಯೂ ಚೆಲ್ಲಲಿಲ್ಲ. ಅವರದು ಅಂಗಡಿ ಬಾಯಿ. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಊರುಗಳಲ್ಲಿ ನನ್ನನ್ನು ಹೊಗಳಿದರು, ಹೊಗಳಿದಾಗಲೆಲ್ಲ ಅಮರಪ್ಪನವರ ಕೈಯ ಮಾತನ್ನೂ ಸೇರಿಸಿ ಹೇಳಿದರು.

ಆಮೇಲೆ ಏನಾಯಿತು ಎಂಬುದನ್ನು ನಾನು ಬಿಟ್ಟು ಬಿಟ್ಟು ಕೇಳಿದೆ. ಮಸ್ಕಿಯಲ್ಲಿ ಜನ ಗಾಡಿಯ ಬದಲು ಮಿಸ್ತ್ರಿಯ ಕೈ ನೋಡತೊಡಗಿದರಂತೆ. ಎಂಜಿನ್ ಕೆಲಸ ನಿಂತಿತಂತೆ. ಈಗ ಬರೀ ಪಂಕ್ಚರ್ ತೆಗೆಯುತ್ತಾರಂತೆ. ನಾನು ಪ್ರತಿ ಸಲವೂ ತಲೆಯಾಡಿಸಿ, "ಪಾಪ, ವಯಸ್ಸು" ಎಂದೆ. ಹೌದು, ಅದನ್ನೂ ಅಂದೆ.

ಐದು ವರ್ಷವಾದ ಮೇಲೆ, ಹೋದ ತಿಂಗಳು, ಅವರೇ ನನ್ನ ಗ್ಯಾರೇಜಿಗೆ ಬಂದರು. ತಮ್ಮ ಹಳೇ ಬೈಕು ನಿಲ್ಲಿಸಿ, ಗಿರಾಕಿಗಳ ಹಾಗೆ ದೂರವೇ ನಿಂತರು.

"ಹಿಂದಿನ ಗಾಲೀದ ನಡುಕ ಅನಸ್ತದಪಾ. ಆದ್ರ ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ. ನೀ ಒಮ್ಮಿ ನೋಡು."

ಒಂದು ಸುತ್ತು ಹೋಗಿ ಬಂದೆ. ಕ್ಲಚ್ ಹಿಡಿದರೂ ನಡುಕ ಉಳಿಯಿತು. ಹಿಂದಿನ ಗಾಲಿಯೇ. ಕಾಲುವೆ ಕಡೆಯ ಗದ್ದೆಯ ಎರೆಮಣ್ಣು ರಿಮ್ಮಿನ ಒಳಗೆ ಒಂದೇ ಬದಿಗೆ ಮೆತ್ತಿ ಒಣಗಿ ಕಲ್ಲಾಗಿತ್ತು. ಕೆರೆದು ತೆಗೆದೆ, ಗಾಡಿ ಸುಮ್ಮನಾಯಿತು. "ನೀವು ಹೇಳಿದ್ದ ಖರೆ ಉಸ್ತಾದ್" ಎಂದೆ. ಅವರು ನಂಬದವರ ಹಾಗೆ ನಕ್ಕರು. ಚಹಾ ತರಿಸಿದೆ. ಕಪ್ಪಿನಿಂದ ಬಸಿಗೆ ಸುರಿದುಕೊಂಡರು. ಅಂಚಿನವರೆಗೂ ಚಹಾ ಇತ್ತು, ಒಂದಿಷ್ಟೂ ಅಲುಗಲಿಲ್ಲ. ಆದರೂ, ಮೊದಲೆಲ್ಲ ಒಂದೇ ಕೈಯಲ್ಲಿ ಕುಡಿಯುತ್ತಿದ್ದವರು, ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಸುತ್ತ ಒಮ್ಮೆ ನೋಡಿ, ಆಮೇಲೆ ಕುಡಿದರು. ಆ ದಿನವೂ ನಾನು ಬಾಯಿ ಬಿಡಲಿಲ್ಲ.

ಆ ಎರಡು ಕೈ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಕದ್ದು ಹೇಳಿದರೆ ಸಾಲದು ಎಂದು ಗೊತ್ತಿತ್ತು. ಸುಳ್ಳನ್ನು ಜನರ ನಡುವೆ ನಿಂತು ಹೇಳಿದ್ದೆ. ಹಾಗಾಗಿ ಕಳೆದ ವಾರ ಬಸವರಾಜಪ್ಪನವರನ್ನು ಕರೆದುಕೊಂಡು, ಚಹಾದ ಹೊತ್ತಿಗೇ ಮಸ್ಕಿಗೆ ಹೋದೆ. ಉಸ್ತಾದರ ಅಂಗಡಿಯ ಮುಂದೆ ನಿಂತು, ಹೋಟೆಲಿನ ಒಳಗಿನವರಿಗೂ ಕೇಳುವ ದನಿಯಲ್ಲಿ ಎಲ್ಲ ಹೇಳಿದೆ. ನನ್ನ ದನಿ ಯಾವತ್ತೂ ದೊಡ್ಡದು, ಅವತ್ತಾದರೂ ಕೆಲಸಕ್ಕೆ ಬಂತು. ಬಸವರಾಜಪ್ಪ ತಲೆ ತಗ್ಗಿಸಿ, "ಊರೂರಿಗೆ ಹಂಚಿದಾವ ನಾನರೀ" ಎಂದರು.

ಆ ಬೋಲ್ಟನ್ನು ನಾನು ಎಸೆದಿರಲಿಲ್ಲ. ಯಾಕೆ ಇಟ್ಟುಕೊಂಡಿದ್ದೆನೋ — ಉಸ್ತಾದರ ಅಂಗೈಗೆ ಹಾಕಿದೆ. ಅವರು ಅದನ್ನು ನೋಡಲಿಲ್ಲ, ಬೆರಳಲ್ಲಿ ಒಮ್ಮೆ ಹೊರಳಿಸಿದರು.

"ಎಂಟರದು" ಎಂದರು.

ಬೈಯಲಿ ಎಂದು ಕಾಯುತ್ತಿದ್ದೆ, ಹೊಡೆದರೂ ತಿನ್ನಲು ತಯಾರಾಗಿ ಹೋಗಿದ್ದೆ.

"ಊರು ನಂಬಿದ್ದು ಹೋಗ್ಲಿ ಈರಣ್ಣಾ. ನಾನೂ ನಂಬಿದ್ನಲ್ಲೋ."

ಬಸವರಾಜಪ್ಪ ತಮ್ಮ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಎಂಜಿನ್ ಒಮ್ಮೆ ನೋಡಿ ಎಂದು ಕೀಲಿ ಕೊಟ್ಟರು. ಹೋಟೆಲಿನಿಂದ ಚಹಾ ಬಂತು. ನಾನು ಉಸ್ತಾದರ ಕೈಯನ್ನೇ ನೋಡುತ್ತಿದ್ದೆ, ಎಲ್ಲರೂ ನೋಡುತ್ತಿದ್ದರು.

ಉಸ್ತಾದರು ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದರು.