ಹೆಸರಿಲ್ಲದ ಆರು ತಿಂಗಳು

ನನಗೆ ಏಳು ತಿಂಗಳು ತುಂಬಿ ನಾಲ್ಕು ದಿನವಾಗಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದೆ. ಸೀರೆ ಒದ್ದೆಯಾಯಿತು. ಬಕೆಟ್ಟಿನ ನೀರು ಚೆಲ್ಲಿತೇನೋ ಅಂದುಕೊಂಡೆ. ಬಕೆಟ್ಟು ತುಂಬಿಯೇ ಇತ್ತು.

ಅತ್ತೆ ಓಡಿಹೋಗಿ ಜಟಕಾ ತಂದರು. ರಾಜಾಜಿನಗರ ಇನ್ನೂ ಹೊಸದು, ನಮ್ಮ ಕಾರ್ಮಿಕರ ಮನೆಗಳ ಸಾಲು ದಾಟಿದರೆ ಬರೀ ಜಲ್ಲಿ ರಸ್ತೆ. ಪೇಟೆಯ ಹೆರಿಗೆ ಆಸ್ಪತ್ರೆಯವರೆಗೂ ಅತ್ತೆಯ ಕೈ ಹಿಂಡುತ್ತಲೇ ಇದ್ದೆ. ಸಂಜೆಗೆ ಮಗು ಹುಟ್ಟಿತು. ಹೆಣ್ಣು. ಮೂರು ಪೌಂಡ್.

ಅಳಲಿಲ್ಲ.

ಸಿಸ್ಟರ್ ಬೆನ್ನು ತಟ್ಟಿ ತಟ್ಟಿ ಸಾಕಾದ ಮೇಲೆ ಬೆಕ್ಕಿನ ಮರಿಯಂಥ ಸಣ್ಣ ದನಿ ಬಂತು. ‘ಪ್ರಿಮೆಚ್ಯೂರ್ ಬೇಬಿ’ ಅಂದರು. ಹತ್ತಿಯಲ್ಲಿ ಸುತ್ತಿ, ಎರಡೂ ಪಕ್ಕ ಬಿಸಿನೀರಿನ ಸೀಸೆ ಇಟ್ಟು, ಫಿಲ್ಲರಿನಲ್ಲಿ ತೊಟ್ಟು ತೊಟ್ಟಾಗಿ ಹಾಲು ಹಾಕಿದರು. ಐದು ವಾರ ವಾರ್ಡಿನಲ್ಲಿದ್ದೆವು. ಮನೆಗೆ ಕಳಿಸುವಾಗ ಸಿಸ್ಟರ್ ಹೇಳಿದರು: “ಐದು ಪೌಂಡ್ ಆಗೋವರೆಗೂ ಬೆಚ್ಚಗಿಡಿ. ತುಂಬಾ ಜನ ಮುಟ್ಟೋದು ಬೇಡ. ಇನ್ಫೆಕ್ಷನ್ ಆದ್ರೆ ಕಷ್ಟ.”

ನಾವು ‘ಐದು ಪೌಂಡ್ ಆಗೋವರೆಗೂ’ ಅನ್ನುವುದನ್ನು ಮರೆತೆವು. ಉಳಿದದ್ದನ್ನು ಚಾಚೂ ತಪ್ಪದೆ ಪಾಲಿಸಿದೆವು, ಮಗುವಿಗೆ ಆರು ತಿಂಗಳಾಗುವವರೆಗೂ.

ಇದಕ್ಕೆ ಕಾರಣ ಸರೋಜ. ನನ್ನ ಮೊದಲ ಮಗಳು. ಎರಡೂವರೆ ವರ್ಷದವಳಿದ್ದಾಗ ಮೂರೇ ದಿನದ ಜ್ವರಕ್ಕೆ ಹೋದಳು. ಅವಳನ್ನು ಬೆಳೆಸಿದ್ದು ಅತ್ತೆ. ಅತ್ತಿಗುಪ್ಪೆಯ ಹೊಲದಲ್ಲಿ ಕೂಗಿ ಪಳಗಿದ ಗಂಟಲು ಅವರದು, ‘ಸರೂ’ ಎಂದು ಹಿತ್ತಿಲಲ್ಲಿ ಕೂಗಿದರೆ ನಾಲ್ಕು ಮನೆಯಾಚೆ ಕೇಳುತ್ತಿತ್ತು. ಅವಳು ಹೋದ ಮೇಲೆ ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಈ ಮಗುವನ್ನು ಮನೆಯೊಳಗೆ ತಂದ ದಿನವೇ ಅತ್ತೆ ಹೇಳಿಬಿಟ್ಟರು. “ಇದುಕ್ಕೆ ಹೆಸ್ರಿಡಬ್ಯಾಡ ಕಣವ್ವ. ಕರೀಲೂಬ್ಯಾಡ. ಅವಳನ್ನ ಊರೆಲ್ಲ ಕೇಳಂಗೆ ಕೂಗ್ತಿದ್ದೆ, ಅದೇ ಮುಳುವಾಯ್ತು. ಇದು ಐತೆ ಅಂತ ಯಾರ್ಗೂ ಗೊತ್ತಾಗಬಾರ್ದು.”

ಅತ್ತೆಯ ಮೇಲೆ ಹೊರೆ ಹಾಕಿ ಕೈ ತೊಳೆದುಕೊಳ್ಳಲಾರೆ. ನಾನು ಲೋಯರ್ ಸೆಕೆಂಡರಿ ಓದಿದವಳು, ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನನಗೂ ಅದೇ ಬೇಕಿತ್ತು. ಹೆಸರಿಟ್ಟು ಮುದ್ದಾಡಿ ಮತ್ತೆ ಕಳೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ.

ಕಿವಿಗೆ ಹತ್ತಿ, ಅದರ ಮೇಲೆ ಕುಲಾವಿ, ಮೈತುಂಬ ಬಟ್ಟೆ ಸುತ್ತಿ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಿದ್ದೆವು. ಹೊತ್ತಿಗೆ ಸರಿಯಾಗಿ ಹಾಲು, ಬಟ್ಟೆ ಬದಲು, ಸಾಂಬ್ರಾಣಿ ಹೊಗೆ. ಮಾತಿಲ್ಲ. ನನ್ನವರು ಮಿಲ್ಲಿನಿಂದ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬರುತ್ತಿದ್ದರು. ಮಗು ದಪ್ಪಗಾಯಿತು. ಬದುಕುತ್ತದೆ ಎಂದು ಧೈರ್ಯ ಬಂತು. ಆಗಲೇ ಒಂದು ದಿನ ಕೋಣೆಯ ಕಿಟಕಿ ತೆರೆದು ಅದರ ಮುಖಕ್ಕೆ ಮುಖ ಕೊಟ್ಟು ಬಗ್ಗಿದೆ.

ಮಗು ನನ್ನನ್ನು ನೋಡಲಿಲ್ಲ.

ತೊಲೆ ನೋಡುತ್ತಿತ್ತು. ಕುಲಾವಿ ತೆಗೆದೆ, ಹತ್ತಿ ತೆಗೆದೆ, ಪಕ್ಕದಲ್ಲಿ ತಟ್ಟೆ ಬಡಿದೆ. ಕಣ್ಣು ಮಿಟುಕಿತೋ ಇಲ್ಲವೋ ಗೊತ್ತಾಗಲಿಲ್ಲ. ಕತ್ತು ಮಾತ್ರ ತಿರುಗಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಓಡಿದೆ. ಲೇಡಿ ಡಾಕ್ಟರು ಮಗುವಿನ ತಲೆಯ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಕೈಕಾಲು ಮಡಿಚಿ ಬಿಡಿಸಿ ನೋಡಿದರು. ಎಡಗಾಲು ಬಿಗಿ ಅಂದರು.

“ಕಿವುಡಾ ಡಾಕ್ಟ್ರೇ?”

“ಈಗಲೇ ಹೇಳೋಕಾಗಲ್ಲ. ಕಣ್ಣು ಮಿಟುಕಿಸ್ತು, ಸದ್ದು ಒಳಗೆ ಹೋಗ್ತಿರಬಹುದು. ಎರಡು ತಿಂಗಳು ಮೊದಲೇ ಬಂದಿರೋ ಮಗು, ಇದಕ್ಕೆ ಆರಲ್ಲ, ನಾಲ್ಕು ತಿಂಗಳು ಅಂತ ತಿಳ್ಕೊಳ್ಳಿ. ಮನೇಲಿ ಯಾರಮ್ಮ ಇದನ್ನ ಮಾತಾಡಿಸೋರು?”

“ಯಾರೂ ಇಲ್ಲ,” ಎಂದು ಹತ್ತಿ, ಕುಲಾವಿ, ಕತ್ತಲೆ ಕೋಣೆ ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಜೀವ ಉಳಿಸಿದೀರಿ. ಇನ್ನು ಬೆಳೆಸಬೇಕು,” ಅಂದರು. ಹತ್ತಿ, ಕುಲಾವಿ ಬೇಡ. ಎಳೆ ಬಿಸಿಲಿನಲ್ಲಿ ಚಾಪೆಯ ಮೇಲೆ ಬೋರಲು ಮಲಗಿಸಬೇಕು. ಎಣ್ಣೆ ಹಚ್ಚಿ ಆ ಕಾಲನ್ನು ಮೆಲ್ಲಗೆ ಮಡಿಚಿ ಬಿಡಿಸಬೇಕು. ದಿನವೂ ಒಂದು ಸಲ ಬಲಗಡೆಯಿಂದ, ಒಂದು ಸಲ ಎಡಗಡೆಯಿಂದ ಹೆಸರು ಹಿಡಿದು ಕರೆಯಬೇಕು. “ತಿರುಗಿದ ದಿನ ಬಂದು ಹೇಳಿ. ತಿಂಗಳಾದರೂ ತಿರುಗದೇ ಇದ್ರೂ ಬನ್ನಿ.”

ಅತ್ತೆ ಎಲ್ಲಕ್ಕೂ ಒಪ್ಪಿದರು, ಹೆಸರೊಂದನ್ನು ಬಿಟ್ಟು. ಹರಳೆಣ್ಣೆ ತಾವೇ ಬೆಚ್ಚಗೆ ಮಾಡಿಕೊಡುತ್ತಿದ್ದರು. ನಾನು ‘ಪಾಪು’ ಅಂದೆ, ‘ಕಂದ’ ಅಂದೆ, ‘ಇಲ್ನೋಡು’ ಅಂದೆ. ತಿಂಗಳುಗಟ್ಟಲೆ ಪಿಸುಗುಟ್ಟಿದ ಮನೆ. ನನ್ನ ದನಿ ನನಗೇ ಪರಕೀಯವಾಗಿ ಕೇಳುತ್ತಿತ್ತು, ಔಷಧಿಯ ಚೀಟಿ ಓದಿದಂತೆ. ಒಂದು ವಾರ ಹೋಯಿತು. ಎರಡು. ಮೂರು. ಮಗು ಬೋರಲು ಬಿದ್ದು ಚಾಪೆಯನ್ನು ನೋಡುತ್ತಿತ್ತು.

ಒಂದು ಬೆಳಿಗ್ಗೆ ಹಾಸಲು ಒಣಗಿದ ಬಟ್ಟೆ ಇರಲಿಲ್ಲ. ಪೆಟ್ಟಿಗೆಯ ತಳಕ್ಕೆ ಕೈ ಹಾಕಿದೆ. ಸಿಕ್ಕಿದ್ದು ಸರೋಜಳ ಲಂಗ. ಅಂಚಿನಲ್ಲಿ ಹುಣಸೆಹಣ್ಣಿನ ಕಲೆ ಹಾಗೇ ಇತ್ತು. ಬೇರೆ ದಾರಿಯಿಲ್ಲದೆ ಹಿತ್ತಿಲ ಬಿಸಿಲಿನಲ್ಲಿ ಅದನ್ನೇ ಹಾಸಿ ಮಗುವನ್ನು ಮಲಗಿಸಿ, ಎಡಗಡೆ ಕೂತೆ. ಬಾಯಿ ತೆರೆದೆ.

“ಸರೂ...”

ಮಗು ತಿರುಗಿತು.

ತಲೆಯೆತ್ತಿ, ನಡುಗುವ ಕತ್ತನ್ನು ತಿರುಗಿಸಿ, ನೇರ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿತು. ಸಂತೋಷವಾಗಬೇಕಿತ್ತು. ನನಗೆ ಭಯವಾಯಿತು. ಯಾರು ತಿರುಗಿದ್ದು? ಹಿಂದೆ ಬಿಂದಿಗೆ ಕೆಳಗಿಟ್ಟ ಸದ್ದಾಯಿತು. ಅತ್ತೆ.

“ಏನಂದೆ?”

“ತಪ್ಪಾಯ್ತು ಅತ್ತೆ. ಬಾಯಿಗೆ ಬಂದ್ಬಿಡ್ತು.”

ಅವರು ಮಗುವಿನ ಬಲಗಡೆ ಬಂದು ಮಣ್ಣಿನಲ್ಲೇ ಕುಸಿದು ಕೂತರು. “ಇನ್ನೊಂದ್ಸಲ ಕರಿ,” ಅಂದರು. ಕರೆದೆ. ನೋಡಿತು. ಆಮೇಲೆ ಅವರೇ ಕೂಗಿದರು, ನಾಲ್ಕು ಮನೆಯಾಚೆ ಕೇಳುವಂತೆ. ಮಗು ಅವರತ್ತ ಹೊರಳಿತು. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಸರೋಜ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ.

ಲೇಡಿ ಡಾಕ್ಟರು ಎಲ್ಲ ಕೇಳಿ ನನ್ನ ಭುಜ ಹಿಡಿದರು. “ಹೆಸರಿಗಲ್ಲಮ್ಮ. ಅವತ್ತು ನಿಮ್ಮ ದನೀಲಿ ಜೀವ ಇತ್ತು. ಅದಕ್ಕೇ ಮಗು ತಿರುಗಿದ್ದು.” ಸರಿಯೇ ಇರಬೇಕು. ಪೂರ್ತಿ ನಂಬಲು ನನಗೆ ಇನ್ನೂ ಆಗಿಲ್ಲ.

ಅದೇ ತಿಂಗಳು ನಾಮಕರಣ ಮಾಡಿದೆವು. ಸುಶೀಲ. ಹೆಸರು ಆರಿಸಿದ್ದು ಅತ್ತೆ. ಈಗ ಅವಳಿಗೆ ಒಂದೂವರೆ ವರ್ಷ, ಡಾಕ್ಟರ ಲೆಕ್ಕದಲ್ಲಿ ಅದಕ್ಕೂ ಎರಡು ತಿಂಗಳು ಕಡಿಮೆ. ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾಳೆ. ಎಡಗಾಲು ಇನ್ನೂ ಎಳೆಯುತ್ತದೆ. ಎಣ್ಣೆ ನಿಲ್ಲಿಸಿಲ್ಲ. ‘ಅಜ್ಜಿ’ ಅನ್ನುತ್ತಾಳೆ, ‘ಅಮ್ಮ’ ಅನ್ನುವ ಮೊದಲೇ ಅದನ್ನು ಕಲಿತಳು. ಇಷ್ಟಾದದ್ದೇ ಪುಣ್ಯ ಅಂದುಕೊಳ್ಳುತ್ತೇನೆ.

ಒಂದೊಂದು ಸಲ ಕೆಲಸದ ಅವಸರದಲ್ಲಿ ಅತ್ತೆ ಬಾಯಿತಪ್ಪಿ ‘ಸರೂ’ ಎಂದು ಕೂಗಿಬಿಡುತ್ತಾರೆ. ಸುಶೀಲ ತಿರುಗಿ ನಗುತ್ತಾಳೆ. ಅತ್ತೆ, ನಾನು ಇಬ್ಬರೂ ಒಂದು ಗಳಿಗೆ, ಸರೋಜ ಓಡಿಬರುತ್ತಿದ್ದ ಹಿತ್ತಿಲ ಬಾಗಿಲ ಕಡೆ ನೋಡುತ್ತೇವೆ. ಆಮೇಲೆ ಇಬ್ಬರಲ್ಲಿ ಯಾರು ಹತ್ತಿರವಿರುತ್ತಾರೋ ಅವರು ಹೋಗಿ ಸುಶೀಲಳನ್ನು ಎತ್ತಿಕೊಳ್ಳುತ್ತಾರೆ.