ಕುಡಿಯದೆ ರುಚಿ ಕಂಡವರು

ಗಾಜಿನ ಲೋಟದ ಮೇಲೆ ಬಗ್ಗುವ ಮುನ್ನ ಅವರು ತಮ್ಮ ಬಿಳಿ ಮೀಸೆಯನ್ನು ಎರಡು ಬೆರಳಲ್ಲಿ ಒತ್ತಿ ಅಕ್ಕಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದರು. ಮೀಸೆಗೆ ಹಚ್ಚಿದ ಎಣ್ಣೆಯ ವಾಸನೆ ವೈನಿನ ವಾಸನೆಗೆ ಅಡ್ಡ ಬರಬಾರದೆಂದು. ಆಮೇಲೆ ಕಣ್ಣು ಮುಚ್ಚಿ ನೀಳವಾದ ಮೂಗನ್ನು ಲೋಟದೊಳಕ್ಕೆ ಇಳಿಸಿದರೆ ಸುತ್ತಲಿದ್ದವರು ಮಾತು ನಿಲ್ಲಿಸಬೇಕು.

ಶ್ರೀರಂಗಪಟ್ಟಣದಲ್ಲಿ ಅವರನ್ನು ಎಲ್ಲರೂ ಬಟ್ಲರ್ ಸಾಬರು ಎನ್ನುತ್ತಿದ್ದರು. ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಮೂವತ್ತೈದು ವರ್ಷ ಅತಿಥಿಗಳಿಗೆ ವೈನ್ ಬಡಿಸಿ ನಿವೃತ್ತರಾದವರು. ಒಂದು ತೊಟ್ಟನ್ನೂ ನಾಲಿಗೆಗೆ ಸೋಕಿಸಿದವರಲ್ಲ. ಬಾಟಲಿಯ ಬಿರಡೆ ಮೂಸುತ್ತ, ಕುಡಿದವರು ಏನೆನ್ನುತ್ತಾರೆಂದು ಕಿವಿಗೊಡುತ್ತ ಕಲಿತ ವಿದ್ಯೆ ಅದು. ಸಂತೆಯಲ್ಲಿ ಕರಬೂಜವನ್ನೂ ಹಾಗೇ ಮೂಸುತ್ತಿದ್ದರು. ಅವರು ಮೂಸಿ ಬೇಡವೆಂದು ಕೆಳಗಿಟ್ಟ ಹಣ್ಣನ್ನು ಮತ್ತೊಬ್ಬರು ಮುಟ್ಟುತ್ತಿರಲಿಲ್ಲವಾದ್ದರಿಂದ, ದಯವಿಟ್ಟು ಸಂತೆ ಮುಗಿಯುವಾಗ ಬನ್ನಿ ಎಂದು ಹಣ್ಣಿನವನು ಕೈಮುಗಿಯುತ್ತಿದ್ದ.

ತೊಂಬತ್ತರ ದಶಕದ ನಡುವೆ, ಕರಿಘಟ್ಟದ ಕಡೆಯ ನನ್ನ ಕಲ್ಲುಹೊಲದಲ್ಲಿ, ನಾಲೆಯ ನೀರು ಹತ್ತದ ಜಾಗದಲ್ಲಿ, ನಾನು ವೈನಿಗೆಂದೇ ಬೆಳೆಯುವ ಶಿರಾಜ್ ದ್ರಾಕ್ಷಿ ಹಾಕಿದೆ. ಊರವರು ನಕ್ಕರು. ಮೂರನೆಯ ವರ್ಷ ವೈನ್ ಕಂಪನಿಯವರು ನನ್ನ ಹಣ್ಣನ್ನು ಬೇರೆಯವರದರ ಜೊತೆ ಬೆರೆಸದೆ ಒಂದು ಪೀಪಾಯಿ ಮಾಡಿದರು. ಚೆನ್ನಾಗಿದೆ, ನಿಮ್ಮ ಹೊಲದ ಹೆಸರಲ್ಲೇ ಬಾಟಲಿ ತರೋಣ ಎಂದು ಮಾದರಿ ಬಾಟಲಿಯೊಂದನ್ನು ಕಳಿಸಿ ನನ್ನ ಒಪ್ಪಿಗೆ ಕೇಳಿದರು. ಹೊಗಳಿಸಿಕೊಳ್ಳುವ ಆಸೆಯಿಂದಲೇ ಸಾಬರನ್ನು ಮನೆಗೆ ಕರೆದೆ.

ಅವರು ಲೋಟವನ್ನು ಬಿಳಿ ಟವೆಲಿನ ಎದುರು ಹಿಡಿದು ಬಣ್ಣ ನೋಡಿದರು, ಮೆಲ್ಲಗೆ ಆಡಿಸಿದರು, ಮೂಸಿದರು. ನೇರಳೆ ಇದೆ, ಮೆಣಸೂ ಇದೆ ಎಂದಾಗ ನಾನು ಉಬ್ಬಿಹೋದೆ. ಮತ್ತೊಮ್ಮೆ ಮೂಸಿ ಲೋಟ ಕೆಳಗಿಟ್ಟರು.

"ಗೌಡ್ರೆ, ಇದ್ರಾಗೆ ಹಸಿ ತೊಟ್ಟು ಮುರುದ ವಾಸ್ನೆ ಐತೆ. ನಿಮ್ಮ ಹೊಲ್ದಾಗೆ ಎಲ್ಲೋ ನೆಳ್ಳು ಬೀಳ್ತದೆ."

ಇಲ್ಲವೆಂದು ಸಾಧಿಸಿದೆ. ಅಷ್ಟರಲ್ಲಿ ಒಳಗಿನಿಂದ ಬಂದ ನನ್ನ ಹೆಂಡತಿ, ಹೊಂಗೆಮರಗಳ ಪಕ್ಕದ ನಾಲ್ಕು ಸಾಲು ಇನ್ನೂ ಹಣ್ಣಾಗಿರಲಿಲ್ಲ, ಗಿಣಿಗಳಿಗೆ ಹೆದರಿ ಎಲ್ಲವನ್ನೂ ಒಟ್ಟಿಗೇ ಕೊಯ್ದೆವು ಎಂದು ಹೇಳಿಬಿಟ್ಟಳು. ನನಗೆ ಮುಖಭಂಗವಾಯಿತು. ಕುಡಿದೇ ನೋಡದವರಿಗೆ ಏನು ಗೊತ್ತು ಎಂದು ಒರಟಾಗಿ ಅಂದೆ.

ಅವರು ಬೇಸರಪಡಲಿಲ್ಲ. "ಬಾಟ್ಲಿ ಮ್ಯಾಲೆ ನಿಮ್ಮ ಹೊಲ್ದ ಹೆಸ್ರು ಬತ್ತದೆ. ಜನ ಮೊದ್ಲು ಕುಡ್ದಿದ್ದನ್ನೇ ಗ್ಯಾಪಕ ಮಡಿಕತಾರೆ. ಈ ವರ್ಸ ಬುಟ್ಬುಡಿ" ಎಂದು ಚಪ್ಪಲಿ ಮೆಟ್ಟಿ ಹೊರಟರು.

ಸಂಜೆಯೆಲ್ಲ ಮುನಿಸಿನಲ್ಲಿ ಕಳೆದೆ. ಬೆಳಿಗ್ಗೆ ಅದೇ ಲೋಟವನ್ನು ನಾನೇ ಮೂಸಿದಾಗ ಹಸಿ ತೊಟ್ಟು ಸಿಕ್ಕಿತು. ಒಮ್ಮೆ ಸಿಕ್ಕಮೇಲೆ ಮತ್ತೇನೂ ಸಿಗದಂತಾಯಿತು. ಈ ವರ್ಷದ್ದನ್ನು ಬೇರೆಯದರ ಜೊತೆ ಬೆರೆಸಿಬಿಡಿ ಎಂದು ಕಂಪನಿಯವರಿಗೆ ತಿಳಿಸಿದೆ. ಮುಂದಿನ ಸಲ ಆ ನಾಲ್ಕು ಸಾಲಿಗೆ ಬಲೆ ಹೊದಿಸಿ ಹನ್ನೆರಡು ದಿನ ತಡವಾಗಿ ಕೊಯ್ದೆವು.

ಆ ವೈನ್ ಬಂದಾಗ ಸಾಬರು ಬಹಳ ಹೊತ್ತು ಮೂಸಿದರು. ಮುಖ ಅರಳಿತು. ಲೋಟವನ್ನು ನನ್ನತ್ತ ತಳ್ಳಿ, "ಮೂಗಿನ ಕೆಲ್ಸ ಮುಗೀತು. ಈಗ ನೀವು ಕುಡುದು ಯೋಳಿ, ಎಂಗೈತೆ" ಎಂದರು.

ಚೆನ್ನಾಗಿದೆ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಮೊದಲು ಏನು ಬಂತು, ನಡುವೆ ಏನು, ನುಂಗಿದ ಮೇಲೆ ಏನು ಉಳಿಯಿತು ಎಂದು ಕೆದಕಿದರು. ತಡವರಿಸುತ್ತ ಹೇಳಿದೆ. ಮೊದಲು ಕಳಿತ ನೇರಳೆ, ಆಮೇಲೆ ದಾಳಿಂಬೆ ಸಿಪ್ಪೆಯ ಒಗರು, ಕೊನೆಗೆ ಗಂಟಲಲ್ಲಿ ಬಿಸಿಸಾರು ಕುಡಿದ ಮೇಲೆ ಉಳಿಯುವಂಥ ಮೆಣಸು. ಅವರು ಕಣ್ಣು ಮುಚ್ಚಿ ಕೇಳಿದರು. ನಾನೇ ಬೆಳೆದದ್ದರ ರುಚಿಗೆ ನಾನು ಮಾತು ಹುಡುಕಿದ್ದು ಅದೇ ಮೊದಲು. ಆ ಪಾಠದಿಂದಲೇ ಇವತ್ತಿಗೂ ತೋಟ ನಡೆಯುತ್ತಿದೆ.

ಮರುವರ್ಷ ಅವರು ತೀರಿಕೊಂಡರು. ಕೆಲವು ದಿನದ ಮೇಲೆ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲ ಪರದೆಯ ಹಿಂದಿನಿಂದ ಮಾತಾಡಿದರು. ಅಳುತ್ತಾರೇನೋ ಎಂದುಕೊಂಡಿದ್ದೆ, ದನಿಯಲ್ಲಿ ನಗುವಿತ್ತು.

"ಅವತ್ತು ನೀವೇಳಿದ್ದನ್ನೆಲ್ಲ ಮನೆಗ್ ಬಂದು ನಂಗೇಳಿದ್ರು. ಕಡೇಗೂ ರುಚಿ ನೋಡ್ಬುಟ್ಟೆ ಕಣೆ, ಅಲ್ಲಾಗೂ ಬೇಜಾರಾಗಾಕಿಲ್ಲ ಅಂತ ನಕ್ಕಿದ್ದೇ ನಕ್ಕಿದ್ದು."